ಸಂಗ್ರಹಧರ್ಮ

ನಾಳೆಗೆ ಬೇಕಾದುದನ್ನು ಇಂದೇ ಕೂಡಿಡುವುದು ಗೃಹಸ್ಥನ ಸ್ವಭಾವವು. ಕಣಜದಲ್ಲಿ ಧಾನ್ಯವನ್ನೂ, ಅಟ್ಟದ ಮೇಲೆ ಸೌದೆಯನ್ನೂ, ಜಾಡಿಯಲ್ಲಿ ಉಪ್ಪಿನಕಾಯಿಯನ್ನೂ ಮನುಷ್ಯನು ಬಹುಕಾಲದಿಂದ ಕೂಡಿಡುತ್ತ ಬಂದಿರುವನು. ಇದನ್ನು ಯಾರೂ ದೋಷವೆಂದು ಎಣಿಸಲಿಲ್ಲ. ಮಳೆಗಾಲಕ್ಕೆ ಮುಂಚೆ ಸೌದೆಯನ್ನು ಒಟ್ಟದವನನ್ನೇ ಲೋಕವು ಅವಿವೇಕಿಯೆಂದು ಕರೆಯಿತು. ಈಗ ಈ ಸಾಲಿಗೆ ಹೊಸದೊಂದು ವಸ್ತುವು ಬಂದು ಸೇರಿದೆ. ಒಂದೆರಡು ಮೋಟಾರು ವಾಹನಗಳುಳ್ಳ ಗೃಹಸ್ಥರಲ್ಲಿ ಕೆಲವರು ಅವುಗಳಿಗೆ ಬೇಕಾದ ಡೀಸೆಲ್ ಎಣ್ಣೆಯನ್ನು 200 ಲೀಟರಿನ ಪೀಪಾಯಿಗಳಲ್ಲಿ ತುಂಬಿಸಿ, ಹಿತ್ತಿಲ ಕೊಟ್ಟಿಗೆಯಲ್ಲಿಯೋ ಕಾರು ನಿಲ್ಲುವ ಷೆಡ್ಡಿನಲ್ಲಿಯೋ ಇಟ್ಟುಕೊಳ್ಳುವರು. ಇದು ದೂರದೃಷ್ಟಿಯೋ ಅಥವಾ ಲೋಭವೋ ಎಂಬುದು ವಿಚಾರಾರ್ಹವಾದ ಪ್ರಶ್ನೆಯು. ಪೀಪಾಯಿಯು ಹೊಸದಾದರೂ ಪ್ರಶ್ನೆಯು ಬಹಳ ಹಳೆಯದು.

ಸಂಗ್ರಹವನ್ನು ಸಮರ್ಥಿಸುವ ಪಕ್ಷವನ್ನು ಮೊದಲು ನೋಡತಕ್ಕದ್ದು. ಆ ಪಕ್ಷದವರು ಹೇಳುವುದೇನೆಂದರೆ, ಹಣವು ಗೃಹಸ್ಥನದು, ಸ್ಥಳವು ಅವನದು, ಎಣ್ಣೆಯು ನ್ಯಾಯವಾದ ಬೆಲೆಗೆ ಕೊಂಡದ್ದು. ಇದರಲ್ಲಿ ಯಾರಿಗೆ ಏನು ಅಪಕಾರವು? ಮಲೆನಾಡಿನ ಒಂಟಿಮನೆಯವನಿಗೆ ಬಂಕು ಬಹುದೂರ. ಮಳೆಗಾಲದಲ್ಲಿ ದಾರಿಯೇ ಮುಚ್ಚಿಹೋಗಬಹುದು. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ರಸ್ತೆಗಳು ಕಡಿದುಹೋದಾಗ ಎಷ್ಟೋ ಊರುಗಳು ಹೊರಗಿನ ಸಂಪರ್ಕವನ್ನು ಕಳೆದುಕೊಂಡವು. ಅಂಥ ದಿನ ಜೀಪಿನಲ್ಲಿ ಎಣ್ಣೆಯಿಲ್ಲದಿದ್ದರೆ ರೋಗಿಯನ್ನು ಸಾಗಿಸುವ ಬಗೆಯೆಂತು? ಶಾಸನವು ಸಹ ಇದನ್ನು ನಿಷೇಧಿಸಿಲ್ಲ. 1934ರ ಪೆಟ್ರೋಲಿಯಂ ಶಾಸನದ ಪ್ರಕಾರ, ಡೀಸೆಲ್ ಸೇರಿರುವ ‘ಬಿ’ ವರ್ಗದ ಎಣ್ಣೆಯು ಒಂದು ಸ್ಥಳದಲ್ಲಿ 2,500 ಲೀಟರಿಗೆ ಮೀರದಿದ್ದರೆ, ಯಾವ ಪಾತ್ರೆಯೂ 1,000 ಲೀಟರಿಗಿಂತ ದೊಡ್ಡದಲ್ಲದಿದ್ದರೆ, ಅದನ್ನಿಡಲು ಪರವಾನಗಿಯು ಬೇಕಾಗಿಲ್ಲ. ಶಾಸನವೇ ಒಪ್ಪಿದುದನ್ನು ಧರ್ಮವು ಏಕೆ ಒಪ್ಪಬಾರದು? ಹೀಗೆಂದು ಪೂರ್ವಪಕ್ಷವು.

ಇದಕ್ಕೆ ಎದುರಾದ ಪಕ್ಷವು ಅಷ್ಟೇ ಬಲವುಳ್ಳದ್ದು. ಪತಂಜಲಿಯು ಐದು ಯಮಗಳಲ್ಲಿ ಅಪರಿಗ್ರಹವನ್ನೂ ಎಣಿಸಿರುವನು. ಭಾಗವತದಲ್ಲಿ ನಾರದನು ಯುಧಿಷ್ಠಿರನಿಗೆ ಗೃಹಸ್ಥಧರ್ಮವನ್ನು ಉಪದೇಶಿಸುವಾಗ, ಹಸಿವೆಗೆ ಸಾಕಾದುದಕ್ಕಿಂತ ಹೆಚ್ಚನ್ನು ತನ್ನದೆನ್ನುವವನನ್ನು ಕಳ್ಳರ ಪಂಕ್ತಿಯಲ್ಲಿಯೇ ಕೂರಿಸುವನು. ಕಲ್ಯಾಣದಲ್ಲಿ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ, ಅವನ ಹೆಂಡತಿ ಲಕ್ಕಮ್ಮನು ಆ ಹೆಚ್ಚಳವನ್ನು ಅಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸಿದ ಕಥೆಯು ಕನ್ನಡಿಗರೆಲ್ಲರಿಗೂ ತಿಳಿದಿರುವುದು. ನೆಲದ ಮೇಲೆ ಬಿದ್ದ ಅಕ್ಕಿಯೇ ಹೆಚ್ಚಾಗಬಾರದಾಗಿದ್ದರೆ, ಹಿತ್ತಿಲಿನಲ್ಲಿ ಪೀಪಾಯಿಗಳ ಸಾಲನ್ನು ನಿಲ್ಲಿಸಿದವನ ಗತಿಯೇನು?

ಈ ಎರಡು ಪಕ್ಷಗಳೂ ತಮ್ಮ ತಮ್ಮ ಎಲ್ಲೆಯಲ್ಲಿ ಸತ್ಯವೇ. ಆದರೆ ಶಾಸ್ತ್ರವು ಇಷ್ಟು ಒರಟಾಗಿ ವಿಧಿಸಿಲ್ಲ. ಮನುಸ್ಮೃತಿಯು ಗೃಹಸ್ಥನಾದ ಬ್ರಾಹ್ಮಣನ ಸಂಗ್ರಹದಲ್ಲಿ ನಾಲ್ಕು ಮೆಟ್ಟಲುಗಳನ್ನು ಹೇಳಿದೆ: ಕಣಜವನ್ನು ತುಂಬಿಡುವ ಕುಸೂಲಧಾನ್ಯಕನು, ಗಡಿಗೆಯಷ್ಟನ್ನು ಇಡುವ ಕುಂಭೀಧಾನ್ಯಕನು, ಮೂರು ದಿನಕ್ಕೆ ಸಾಕಾಗುವಷ್ಟನ್ನು ಇಡುವವನು, ನಾಳೆಗೆಂದು ಏನನ್ನೂ ಇಡದ ಅಶ್ವಸ್ತನಿಕನು. ಇವರಲ್ಲಿ ಮುಂದುಮುಂದಿನವನು ಹೆಚ್ಚು ಶ್ರೇಷ್ಠನೆಂದು ಹೇಳಿದರೂ ಮೊದಲನೆಯವನನ್ನು ಪಾಪಿಯೆಂದು ಹೇಳಲಿಲ್ಲ. ಕಣಜವೆಂದರೆ ಎಷ್ಟು ಕಾಲದ ಧಾನ್ಯವೆಂಬಲ್ಲಿ ವ್ಯಾಖ್ಯಾನಕಾರರು ಒಮ್ಮತರಾಗಿಲ್ಲ. ಆ ಅಳತೆಯನ್ನು ದೇಶಕಾಲಗಳಿಗೆ ಬಿಡಬೇಕೆಂಬುದೇ ಇದರಿಂದ ತೋರುವ ತಾತ್ಪರ್ಯವು. ಆದುದರಿಂದ ಪೀಪಾಯಿಯನ್ನು ಇಡಬಹುದೇ ಎಂದು ಕೇಳುವುದಕ್ಕಿಂತ, ಯಾವ ಕಾಲದಲ್ಲಿ, ಯಾವ ಸ್ಥಳದಲ್ಲಿ, ಎಷ್ಟನ್ನು, ಯಾವ ಮನಸ್ಸಿನಿಂದ ಇಡಬಹುದೆಂದು ಕೇಳುವುದೇ ಯುಕ್ತವು.

ಕಾಲವನ್ನು ಮೊದಲು ವಿಚಾರಿಸಬೇಕು. 2021ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಬ್ರಿಟನ್ ದೇಶದಲ್ಲಿ ಎಣ್ಣೆಗೆ ಕೊರತೆಯಿರಲಿಲ್ಲ. ಅದನ್ನು ಬಂಕುಗಳಿಗೆ ಸಾಗಿಸುವ ಲಾರಿಚಾಲಕರಿಗೆ ಕೊರತೆಯಿದ್ದಿತು. ಕೆಲವು ಬಂಕುಗಳು ಮುಚ್ಚುವುವೆಂಬ ಸುದ್ದಿಯು ಹರಡಿದೊಡನೆಯೇ ಜನರು ತೊಟ್ಟಿಗಳನ್ನೂ ಡಬ್ಬಗಳನ್ನೂ ತುಂಬಿಕೊಳ್ಳಲು ಧಾವಿಸಿದರು. ಎಣ್ಣೆಯಿದ್ದ ಬಂಕುಗಳು ಸಹ ಅದರಿಂದ ಬರಿದಾದುವು. ಕಡೆಗೆ ಅಕ್ಟೋಬರ್ 4ರಿಂದ ಸೈನಿಕರು ಟ್ಯಾಂಕರುಗಳನ್ನು ನಡೆಸಬೇಕಾಯಿತು. ಭಾರತದಲ್ಲಿಯೂ 2024ರ ಜನವರಿಯ ಆದಿಯಲ್ಲಿ ಲಾರಿಚಾಲಕರು ಹೊಸ ದಂಡಸಂಹಿತೆಯ ಅಪಘಾತವಿಷಯಕ ವಿಧಿಯನ್ನು ವಿರೋಧಿಸಿ ಮುಷ್ಕರ ಹೂಡಿದಾಗ, ಹಲವು ನಗರಗಳ ಬಂಕುಗಳ ಮುಂದೆ ಇಂಥವೇ ಸಾಲುಗಳು ಕಂಡುಬಂದುವು. ಮುಷ್ಕರವು ಬೇಗನೆ ಶಮನವಾಯಿತಾದರೂ ಭಯವು ಮುಷ್ಕರಕ್ಕಿಂತ ಮುಂದೆ ಓಡಿದ್ದಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಸುಭಿಕ್ಷಕಾಲದಲ್ಲಿ ತುಂಬಿಟ್ಟ ಪೀಪಾಯಿಯೂ ಕೊರತೆಯ ದಿನ ತುಂಬಿಕೊಂಡ ಪೀಪಾಯಿಯೂ ನೋಟಕ್ಕೆ ಒಂದೇ, ಎಣ್ಣೆಯೂ ಒಂದೇ. ಆದರೆ ಮೊದಲನೆಯದನ್ನು ತುಂಬಿದವನು ಯಾರ ಪಾಲನ್ನೂ ಕಿತ್ತುಕೊಳ್ಳಲಿಲ್ಲ. ಮೇಲಾಗಿ ಕೊರತೆಯು ಬಂದ ದಿನ ಅವನು ಸಾಲಿನಲ್ಲಿ ನಿಲ್ಲುವುದಿಲ್ಲವಾಗಿ, ಅವನ ಪಾಲು ಮತ್ತೊಬ್ಬನಿಗೆ ದೊರೆಯುವುದು. ಎರಡನೆಯವನಾದರೋ ಹಿಂದೆ ನಿಂತವನ ಪಾಲನ್ನೇ ಮನೆಗೆ ಒಯ್ಯುವನು. “ಒಬ್ಬನ ಪೀಪಾಯಿಯಿಂದ ದೇಶಕ್ಕೆ ಕೊರತೆಯಾಗುವುದೇ?” ಎಂದು ಅವನು ಕೇಳಬಹುದು. ಆಗುವುದಿಲ್ಲ, ಆದರೆ ಸಾಲಿನಲ್ಲಿ ನಿಂತವರೆಲ್ಲರೂ ಇದೇ ಮಾತನ್ನಾಡುವರು, ಎಲ್ಲರ ಮಾತೂ ಕೂಡಿದಾಗ ಕೊರತೆಯಾಗುವುದು. ತನ್ನಂತೆ ಎಲ್ಲರೂ ನಡೆದರೆ ಏನಾಗುವುದೆಂಬ ವಿಚಾರವಿಲ್ಲದೆ ಧರ್ಮನಿರ್ಣಯವು ಸಾಧ್ಯವಿಲ್ಲ.

ಎರಡನೆಯದಾಗಿ ಸ್ಥಳವು. ಅಪರಿಗ್ರಹಕ್ಕಿಂತ ಅಹಿಂಸೆಯು ಮೊದಲಿನ ಯಮವೆಂಬುದನ್ನು ಸಂಗ್ರಹಿಯು ಮರೆಯಬಾರದು. ಡೀಸೆಲ್ ಎಣ್ಣೆಯು ಪೆಟ್ರೋಲಿನಂತೆ ಥಟ್ಟನೆ ಹೊತ್ತಿಕೊಳ್ಳುವುದಿಲ್ಲವೆಂಬ ಧೈರ್ಯವು ಜನರಲ್ಲಿದೆ. ಅದು ನಿಜವು, ಪೆಟ್ರೋಲಿನ ಆವಿಯು ಹಿಮಗಟ್ಟುವ ಚಳಿಯಲ್ಲಿಯೂ ಕಿಡಿಗೆ ಹೊತ್ತುವುದು. ಆದರೆ ಭಾರತದ ಮಾನದಂಡವು ಡೀಸೆಲಿಗೆ ಗೊತ್ತುಪಡಿಸಿರುವ ಕನಿಷ್ಠ ಉಷ್ಣಮಾನವು, ಎಂದರೆ ಅದರ ಆವಿಯು ಕಿಡಿಯನ್ನು ಹಿಡಿಯತೊಡಗುವ ಎಲ್ಲೆಯು, 35 ಡಿಗ್ರಿ ಸೆಲ್ಸಿಯಸ್ ಮಾತ್ರ. ರಾಯಚೂರು ಕಲಬುರಗಿಗಳ ಬೇಸಿಗೆಯು 40 ಡಿಗ್ರಿಯನ್ನು ಮೀರುವುದು. ತಗಡಿನ ಮಾಡಿನ ಕೆಳಗೆ ಇನ್ನೂ ಹೆಚ್ಚು. ಚಳಿದೇಶದವನ ಧೈರ್ಯವನ್ನು ಬಿಸಿಲುನಾಡಿನವನು ಕಡ ತರಲಾಗದು.

2012ರ ಮಾರ್ಚ್ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಟ್ಯಾಂಕರುಚಾಲಕರ ಮುಷ್ಕರವು ಆಗಬಹುದೆಂಬ ಶಂಕೆಯಿದ್ದಾಗ, ಸಚಿವರೊಬ್ಬರು ಒಂದು ಡಬ್ಬದಷ್ಟು ಎಣ್ಣೆಯನ್ನು ಮನೆಯಲ್ಲಿ ಇಟ್ಟುಕೊಳ್ಳಿರೆಂದು ಜನರಿಗೆ ಹೇಳಿದರು. ಅದೇ ದಿನಗಳಲ್ಲಿ ಯಾರ್ಕ್ ನಗರದಲ್ಲಿ ಹೆಂಗಸೊಬ್ಬಳು ಅಡಿಗೆಮನೆಯಲ್ಲಿ ಪೆಟ್ರೋಲನ್ನು ಒಂದು ಪಾತ್ರೆಯಿಂದ ಮತ್ತೊಂದಕ್ಕೆ ಸುರಿಯುವಾಗ ಆವಿಗೆ ಬೆಂಕಿ ತಗಲಿ ಘೋರವಾಗಿ ಸುಟ್ಟುಕೊಂಡಳು. ಆ ಮುಷ್ಕರವು ನಡೆಯಲೇ ಇಲ್ಲ. ಬಾರದ ಆಪತ್ತಿಗೆ ಮಾಡಿದ ಸಿದ್ಧತೆಯೇ ಆಪತ್ತಾಯಿತು.

ಗೋಡೆಗೆ ಗೋಡೆ ಹತ್ತಿದ ಬೀದಿಯಲ್ಲಿ ಪೀಪಾಯಿಯನ್ನು ಇಡುವವನು ತನ್ನೊಬ್ಬನ ಅಪಾಯವನ್ನು ಮಾತ್ರ ಒಪ್ಪಿಕೊಳ್ಳುವುದಿಲ್ಲ. ನೆರೆಮನೆಯಲ್ಲಿ ಮಲಗಿರುವ ಕೂಸಿನ ಅಪಾಯವನ್ನೂ, ಕೇಳದೆಯೇ, ಒಪ್ಪಿಕೊಂಡಂತಾಗುವುದು. ಎಣ್ಣೆಯು ಸೋರಿದರೆ ನೆಲಕ್ಕಿಳಿದು ಹತ್ತಿರದ ಬಾವಿಯನ್ನು ಕೆಡಿಸುವುದು. ಆ ಬಾವಿಯ ನೀರು ಪೀಪಾಯಿಯ ಒಡೆಯನೊಬ್ಬನದೇ ಆಗಿರುವುದಿಲ್ಲ. ಶಾಸನವು 2,500 ಲೀಟರಿನವರೆಗೆ ಪರವಾನಗಿಯನ್ನು ಕೇಳದಿರುವುದರಿಂದ ಈ ಹೊಣೆಯು ತಪ್ಪುವುದಿಲ್ಲ. ದಂಡನೆಯು ಎಲ್ಲಿಂದ ಆರಂಭವಾಗುವುದೆಂಬುದನ್ನು ಶಾಸನವು ತಿಳಿಸುವುದು. ವಿವೇಕವು ಅದಕ್ಕಿಂತ ಬಹಳ ಮುಂಚೆಯೇ ಆರಂಭವಾಗತಕ್ಕದ್ದು. ಮನೆಯಿಂದ ದೂರದಲ್ಲಿ, ಗಾಳಿಯಾಡುವ ನೆರಳಿನಲ್ಲಿ, ಒಲೆ ದೀಪ ಬೀಡಿಗಳ ಸೋಂಕಿಲ್ಲದೆ, ಸೋರಿದ್ದನ್ನು ತಡೆಯುವ ಕಟ್ಟೆಯೊಡನೆ, ಭದ್ರವಾದ ಮುಚ್ಚಳದ ಲೋಹದ ಪಾತ್ರೆಯಲ್ಲಿ ಇಡಲಾರದವನು ಇಡದಿರುವುದೇ ಧರ್ಮವು.

ಮೂರನೆಯದಾಗಿ ಪರಿಮಾಣವು. ಈ ವಿಷಯದಲ್ಲಿ ವಸ್ತುವಿನ ಸ್ವಭಾವವೇ ಗುರುವಾಗಿದೆ. ಧಾನ್ಯಕ್ಕೆ ನುಸಿ ಹತ್ತುವಂತೆ ಡೀಸೆಲಿಗೂ ಮುಪ್ಪು ಬರುವುದು. ಗಾಳಿಯ ಸಂಪರ್ಕದಿಂದ ಅದರಲ್ಲಿ ಅಂಟು ಹುಟ್ಟುವುದು. ಪೀಪಾಯಿಯ ಒಳಮೈಯಲ್ಲಿ ಬೆವರಿದ ನೀರು ತಳಕ್ಕಿಳಿದು, ನೀರೂ ಎಣ್ಣೆಯೂ ಸೇರುವೆಡೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕೆಸರಾಗುವುದು. ಆ ಕೆಸರು ವಾಹನದ ಶೋಧಕವನ್ನು ಕಟ್ಟಿಸುವುದು. ಸಾಧಾರಣವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಅದನ್ನು ಬಳಸಿ ಮುಗಿಸುವುದು ಉತ್ತಮವು. ಆದುದರಿಂದ ತಿಂಗಳಿಗೆ 40 ಲೀಟರು ಸುಡುವವನು 200 ಲೀಟರನ್ನು ಇಟ್ಟು ಹಳೆಯದನ್ನು ಮೊದಲು ತೆಗೆಯುತ್ತ ಬಂದರೆ ಐದು ತಿಂಗಳಲ್ಲಿ ಅದು ಹೊಸದಾಗುವುದು. ಅವನೇ 1,000 ಲೀಟರನ್ನು ಇಟ್ಟರೆ ಎರಡು ವರ್ಷಕ್ಕೂ ಮುಗಿಯದೆ ಕೊಳೆಯುವುದು. ಬೆಲೆಯೇರುವುದೆಂಬ ಆಸೆಯಿಂದ ಕೂಡಿಡುವವನ ಲಾಭವಾದರೂ ಎಷ್ಟು? ಲೀಟರಿಗೆ ನಾಲ್ಕು ರೂಪಾಯಿ ಏರಿದರೂ ಒಂದು ಪೀಪಾಯಿಗೆ 800 ರೂಪಾಯಿಗಳು. ಇಷ್ಟಕ್ಕಾಗಿ ಬೆಂಕಿಯನ್ನು ಮಗ್ಗುಲಲ್ಲಿಟ್ಟುಕೊಂಡು ನಿದ್ರಿಸುವುದು ಅರ್ಥಶಾಸ್ತ್ರಕ್ಕೂ ಒಪ್ಪದ ಮಾತು.

ಇನ್ನುಳಿದುದು ಮನಸ್ಸು, ಇದೇ ಎಲ್ಲಕ್ಕಿಂತ ಕಠಿನವಾದುದು. ಸುಭಿಕ್ಷದಲ್ಲಿ, ಸುರಕ್ಷಿತವಾಗಿ, ಮಿತವಾಗಿ ಕೂಡಿಟ್ಟವನೊಬ್ಬನಿರುವನೆಂದು ಭಾವಿಸಬಹುದು. ಈಗ ಕೊರತೆಯು ಬಂದಿದೆ. 2022ರ ಜೂನ್ ತಿಂಗಳ ಕೊನೆಯಲ್ಲಿ ಶ್ರೀಲಂಕೆಯಲ್ಲಿ ಖಾಸಗಿ ವಾಹನಗಳಿಗೆ ಎಣ್ಣೆಯ ಮಾರಾಟವೇ ನಿಂತುಹೋಯಿತು; ಬಳಿಕ ಪಡಿತರವು ಬಂದಾಗ ಮೋಟಾರು ಸೈಕಲ್ಲಿಗೆ ವಾರಕ್ಕೆ 4 ಲೀಟರು, ಕಾರಿಗೆ 20 ಲೀಟರು ಗೊತ್ತಾಯಿತು. ಅಂಥ ಒಂದು ರಾತ್ರಿ ನೆರೆಯವನು ಬಂದು ಬಾಗಿಲನ್ನು ತಟ್ಟಿ, “ಅಣ್ಣಾ, ಮಗಳಿಗೆ ಹೆರಿಗೆನೋವು, ವ್ಯಾನಿನಲ್ಲಿ ಎಣ್ಣೆಯಿಲ್ಲ,” ಎನ್ನುವನು. ಪೀಪಾಯಿಯ ಒಡೆಯನ ಮನೆಯಲ್ಲಿಯೂ ವೃದ್ಧೆಯಾದ ತಾಯಿಯಿರುವಳು. ನಾಳೆ ಅವಳಿಗೂ ವೈದ್ಯನು ಬೇಕಾಗಬಹುದು. ಕೊಡಬೇಕೇ? ಎಷ್ಟು ಕೊಡಬೇಕು?

ಛಾಂದೋಗ್ಯೋಪನಿಷತ್ತಿನ ಉಷಸ್ತಿ ಚಾಕ್ರಾಯಣನ ಆಖ್ಯಾಯಿಕೆಯು ಇಲ್ಲಿ ದಾರಿಯನ್ನು ತೋರಿಸುವುದು. ಕುರುದೇಶದ ಬೆಳೆಯೆಲ್ಲ ನಾಶವಾಗಿದ್ದಾಗ ಹಸಿದ ಉಷಸ್ತಿಯು ಹುರುಳಿಯನ್ನು ತಿನ್ನುತ್ತಿದ್ದವನೊಬ್ಬನನ್ನು ಬೇಡಿದನು. ಅವನಲ್ಲಿ ಬೇರೆ ಸಂಗ್ರಹವಿರಲಿಲ್ಲ. ತಾನು ತಿನ್ನುತ್ತಿದ್ದುದರಲ್ಲಿಯೇ ಕೊಟ್ಟನು. ಉಷಸ್ತಿಯು ತಿಂದು ಉಳಿದುದನ್ನು ಹೆಂಡತಿಗೆ ತಂದುಕೊಟ್ಟನು. ಅವಳಿಗೆ ಅಷ್ಟರಲ್ಲಿಯೇ ಭಿಕ್ಷೆಯು ದೊರೆತಿದ್ದುದರಿಂದ ಅವಳು ಅದನ್ನು ತಿನ್ನದೆ ತೆಗೆದಿಟ್ಟಳು. ಮರುದಿನ ಬೆಳಗ್ಗೆ ಆ ತೆಗೆದಿಟ್ಟ ಹಿಡಿಯನ್ನು ತಿಂದೇ ಉಷಸ್ತಿಯು ರಾಜನ ಯಜ್ಞಕ್ಕೆ ನಡೆದುಹೋದನು. ಶ್ರುತಿಯು ಸಂಗ್ರಹವನ್ನು ನಿಂದಿಸಲಿಲ್ಲವೆಂಬುದು ಇದರಿಂದ ಸಿದ್ಧವಾಯಿತು. ಆದರೆ ಆ ಸಂಗ್ರಹವು ಎಂಥದು? ಯಾರ ಬಾಯಿಂದಲೂ ಕಿತ್ತದ್ದಲ್ಲ. ತನ್ನ ಹಸಿವು ತೀರಿದ ಮೇಲೆ ಉಳಿದದ್ದು. ಒಂದು ಬೆಳಗಿಗೆ ಸಾಕಾಗುವಷ್ಟು. ಮತ್ತು ಇಟ್ಟವಳಿಗಿಂತ ಮೊದಲು ಹಸಿದವನಿಗೆ ಸಂದದ್ದು.

ಆದುದರಿಂದ ಪೀಪಾಯಿಯ ಒಡೆಯನು ತನ್ನ ತಾಯಿಯ ಆಪತ್ತಿಗೆಂದು ಆಸ್ಪತ್ರೆಗೆ ಹೋಗಿಬರುವಷ್ಟನ್ನು ಬೇರೆಯಿಟ್ಟುಕೊಳ್ಳುವುದು ದೋಷವಲ್ಲ. ಹಾಗೆ ಮಾಡದಿದ್ದರೆ ಒಂದು ಧರ್ಮಕ್ಕಾಗಿ ಮತ್ತೊಂದನ್ನು ಕೊಂದಂತಾಗುವುದು. ಆದರೆ ಹಬ್ಬಕ್ಕೆ ಊರಿಗೆ ಹೋಗಲೆಂದೂ, ಮುಂದಿನ ತಿಂಗಳ ವಿವಾಹಕ್ಕೆಂದೂ ಬಾಗಿಲನ್ನು ಮುಚ್ಚುವ ಅಧಿಕಾರವು ಅವನಿಗಿಲ್ಲ. ಕೊಟ್ಟುದಕ್ಕೆ ಕೊಂಡ ಬೆಲೆಗಿಂತ ಒಂದು ಕಾಸನ್ನಾದರೂ ಹೆಚ್ಚಾಗಿ ತೆಗೆದುಕೊಂಡರೆ ಅವನು ಗೃಹಸ್ಥನ ಪಂಕ್ತಿಯನ್ನು ಬಿಟ್ಟು ಕಾಳಸಂತೆಯ ವರ್ತಕನ ಪಂಕ್ತಿಗೆ ಸೇರುವನು. ಮೊದಲು ತುಂಬಿಟ್ಟಾಗ ಇದ್ದ ನಿರ್ದೋಷತ್ವವೂ ಆ ಒಂದು ಕಾಸಿನೊಡನೆ ಹೋಗಿಬಿಡುವುದು.

ಹೀಗೆ ವಿಚಾರಿಸಲಾಗಿ, ಸುಭಿಕ್ಷದಲ್ಲಿ ತುಂಬಿಸಿ, ನೆರೆಹೊರೆಗೆ ಅಪಾಯವಾಗದ ಎಡೆಯಲ್ಲಿಟ್ಟು, ಕೆಡುವ ಮುನ್ನ ಬಳಸಿ ಮುಗಿಯುವಷ್ಟಕ್ಕೇ ತೃಪ್ತನಾಗಿ, ದುರ್ಭಿಕ್ಷದಲ್ಲಿ ಬಾಗಿಲನ್ನು ತೆರೆಯುವವನ ಸಂಗ್ರಹವು ಧರ್ಮ್ಯವೆಂದು ಸಿದ್ಧಾಂತವಾಗುವುದು. ಈ ನಾಲ್ಕರಲ್ಲಿ ಮೊದಲಿನ ಮೂರನ್ನು ಲೆಕ್ಕದಿಂದಲೂ ಎಚ್ಚರದಿಂದಲೂ ಸಾಧಿಸಬಹುದು. ನಾಲ್ಕನೆಯದು ಹಾಗಲ್ಲ, ಅದು ಬಾಗಿಲನ್ನು ತಟ್ಟುವ ರಾತ್ರಿ ಬರುವವರೆಗೆ ಇದೆಯೋ ಇಲ್ಲವೋ ಎಂಬುದು ಪೀಪಾಯಿಯ ಒಡೆಯನಿಗೂ ತಿಳಿದಿರುವುದಿಲ್ಲ. ಆದಕಾರಣ ಪೀಪಾಯಿಯನ್ನು ತರುವ ದಿನವೇ, ಅದರಲ್ಲಿ ಇಷ್ಟು ಪಾಲು ತನ್ನದಲ್ಲವೆಂದು ಮನೆಯವರೆಲ್ಲರ ಮುಂದೆ ಹೇಳಿಟ್ಟುಕೊಳ್ಳುವುದು ಒಳ್ಳೆಯದು. ಅಷ್ಟನ್ನು ಹೇಳಲು ನಾಲಗೆಯು ಏಳದವನು ಪೀಪಾಯಿಯನ್ನು ತರದೆ, ಎಲ್ಲರೊಡನೆ ಸಾಲಿನಲ್ಲಿ ನಿಲ್ಲುವುದೇ ಲೇಸು.