ಇಂದಿನ ಧಮ್ಮ ಚಿಂತನೆ: ನಾಯಿ, ಹಗ್ಗ ಮತ್ತು ಗೂಟ

ನಮ್ಮ ಮನೆಯಲ್ಲೊಂದು ನಾಯಿ ಇದೆ. ಹೆಸರು ಟಾಬಿ. ಹೆಸರಿಟ್ಟವಳು ನನ್ನ ಮಗಳು. 1934ರಲ್ಲಿ ಮುಂಬಯಿಯ ರಾಜಗೃಹದಲ್ಲಿ ಬಾಬಾಸಾಹೇಬರು ಮನೆಯವರೊಂದಿಗೆ ತೆಗೆಸಿಕೊಂಡ ಫೋಟೋ ನಮ್ಮ ಪಡಸಾಲೆಯಲ್ಲಿದೆ. ನಿಮ್ಮಲ್ಲಿ ಅನೇಕರ ಮನೆಯಲ್ಲೂ ಇದ್ದೀತು. ಮಗ ಯಶವಂತ, ಮಾತೆ ರಮಾಬಾಯಿ, ಅತ್ತಿಗೆ ಲಕ್ಷ್ಮೀಬಾಯಿ, ಅಣ್ಣನ ಮಗ ಮುಕುಂದ, ಇವರ ಜೊತೆಗೆ ಒಂದು ನಾಯಿ. ಅದರ ಹೆಸರು ಟಾಬಿ. "ಅಪ್ಪಾ, ಸಾಹೇಬ್ರ ಮನೆ ನಾಯಿ ಹೆಸ್ರೇ ಇಡೋಣ" ಅಂದಳು. ಇಟ್ಟೆವು.

ಹೆಸರು ದೊಡ್ಡದು, ಬುದ್ಧಿ ಮಾತ್ರ ಕಿತಾಪತಿಯದು. ಒಣಗಲು ಹಾಕಿದ ಟವೆಲ್, ತಿದ್ದಲು ತಂದ ಮಕ್ಕಳ ನೋಟ್‌ಬುಕ್, ಬಂದ ನೆಂಟರ ಚಪ್ಪಲಿ, ಯಾವುದನ್ನೂ ಬಿಡುವುದಿಲ್ಲ. ಅದರ ಸೊಕ್ಕು ಇಳಿಯಲೆಂದು ದಿನಾ ಬೆಳಿಗ್ಗೆ ಐದೂವರೆಗೆ ಹೊಲದ ದಾರಿ ಹಿಡಿಯುತ್ತೇನೆ. ನಮ್ಮ ಕೂಡ್ಲಿಗಿ ಸೀಮೆ ನಿಮಗೆ ಗೊತ್ತು. ಕೆಂಪು ಮಣ್ಣು, ಕಲ್ಲುಗುಡ್ಡ, ದಾರಿಯುದ್ದಕ್ಕೂ ಹುಣಸೆ ಮರ, ಎರಡೂ ಕಡೆ ಶೇಂಗಾ, ಮೆಕ್ಕೆಜೋಳ. ಗುಡೇಕೋಟೆ ಕಡೆಯಾದರೆ ಆ ಹೊತ್ತಿಗೆ ಕರಡಿಯ ಭಯ. ನಮ್ಮ ಕಡೆ ಅಷ್ಟಿಲ್ಲ. ಟಾಬಿ ಇಲಿ ಬಿಲ ಕೆದರುತ್ತದೆ, ಗೌಜಲಕ್ಕಿ ಎಬ್ಬಿಸುತ್ತದೆ, ಹತ್ತು ಹೆಜ್ಜೆಗೊಮ್ಮೆ ತಿರುಗಿ "ಬಂದ್ಯಾ?" ಅನ್ನುವ ಹಾಗೆ ನೋಡುತ್ತದೆ. ಎರಡು ತಾಸು ಹೋದದ್ದೇ ಗೊತ್ತಾಗುವುದಿಲ್ಲ.

ನಡಿಗೆ ನಮಗೆ ಧಮ್ಮದ ಒಂದು ಭಾಗವೇ. ಅಂಗುತ್ತರ ನಿಕಾಯದಲ್ಲಿ ಭಗವಾನರು ಚಂಕಮಣದಿಂದ, ಅಂದರೆ ಅಡ್ಡಾಡುವ ಧ್ಯಾನದಿಂದ, ಐದು ಲಾಭ ಹೇಳಿದ್ದಾರೆ. ದೂರದ ದಾರಿ ನಡೆಯುವ ತ್ರಾಣ ಬರುತ್ತದೆ. ಸಾಧನೆಗೆ ಬಲ ಬರುತ್ತದೆ. ರೋಗ ಕಡಿಮೆಯಾಗುತ್ತದೆ. ಉಂಡದ್ದು ಅರಗುತ್ತದೆ. ನಡೆಯುತ್ತಾ ಗಳಿಸಿದ ಸಮಾಧಿ ಬಹಳ ಕಾಲ ಉಳಿಯುತ್ತದೆ. ಈ ಐದನ್ನೂ ಓದಿಕೊಂಡೇ ನಾನು ನಡೆಯುತ್ತಿದ್ದೆ. ಆದರೆ ಹೋದ ವಾರ ಟಾಬಿ ನನಗೆ ಬೇರೆಯೇ ಒಂದು ಪಾಠ ಮಾಡಿತು. ಅದನ್ನು ಹೇಳಲೆಂದೇ ಇಂದು ಬರೆಯುತ್ತಿದ್ದೇನೆ.

ಪಕ್ಕದ ಊರಿನ ಹತ್ತಿರ ಬಂದಾಗ ಕಾಲಿಗೆ ಜಾಲಿ ಮುಳ್ಳು ಚುಚ್ಚಿತು. ಒಂದು ಚಪ್ಪಲಿ ಬಿಟ್ಟು ಮುಳ್ಳು ಕೀಳುತ್ತಾ ನಿಂತೆ. ಹಗ್ಗ ಕೈಯಿಂದ ಜಾರಿತ್ತು. ಟಾಬಿ ಚಪ್ಪಲಿ ಕಚ್ಚಿಕೊಂಡು ಓಟ ಕಿತ್ತಿತು. ಹೊಲಕ್ಕೆ ಹೋಗಬಾರದೇ? ನೇರವಾಗಿ ಆ ಊರಿನ ಮೇಗಳ ಓಣಿಗೆ ನುಗ್ಗಿತು.

ಆ ಓಣಿ ನನಗೆ ಹೊಸದಲ್ಲ. ನಮ್ಮಪ್ಪ ಅಲ್ಲಿಯ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದರು. ಆ ಓಣಿಯ ಬಾಯಿಗೆ ಬಂದಾಗ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯುತ್ತಿದ್ದರು. ಕೊನೆಯ ಮನೆ ದಾಟಿದ ಮೇಲೆ ಮೆಟ್ಟಿಕೊಳ್ಳುತ್ತಿದ್ದರು. ಅವರ ಹಿಂದೆ ನಡೆಯುತ್ತಿದ್ದ ನನಗೆ ಚಪ್ಪಲಿಯೇ ಇರಲಿಲ್ಲ, ಹಾಗಾಗಿ ಬಿಚ್ಚುವ ಪ್ರಶ್ನೆಯೂ ಇರಲಿಲ್ಲ. ಈಗ ಅದೇ ಓಣಿಯಲ್ಲಿ ನನ್ನ ಚಪ್ಪಲಿ ಒಂದು ನಾಯಿಯ ಬಾಯಲ್ಲಿ ಮೆರವಣಿಗೆ ಹೊರಟಿತ್ತು. ಯಾರೂ ತಡೆಯಲಿಲ್ಲ. ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು.

ನಾನು ಓಣಿಯ ಬಾಯಲ್ಲಿ ನಿಂತಿದ್ದೆ. ಆಗ ಒಂದು ಸಂಗತಿ ಗಮನಕ್ಕೆ ಬಂತು. ನಾನು ಬಾಗಿದ್ದೆ. ನನ್ನ ಬಲಗೈ ಉಳಿದ ಇನ್ನೊಂದು ಚಪ್ಪಲಿಯನ್ನು ಬಿಚ್ಚುತ್ತಿತ್ತು.

ಯಾರೂ ಬಿಚ್ಚು ಎಂದಿರಲಿಲ್ಲ. ಯಾರೂ ನನ್ನನ್ನು ನೋಡಿಯೂ ಇರಲಿಲ್ಲ. ಎಂ.ಎ. ಓದಿದವನು, ಮಕ್ಕಳಿಗೆ ಸಮಾನತೆಯ ಪಾಠ ಹೇಳುವವನು, 22 ಪ್ರತಿಜ್ಞೆ ತೆಗೆದುಕೊಂಡವನು. ಕೈ ಮಾತ್ರ ನಮ್ಮಪ್ಪನ ಕೈ.

ಚಪ್ಪಲಿಯನ್ನು ಮತ್ತೆ ಮೆಟ್ಟಿದೆ. ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು. ಹಾಗೆಯೇ ಓಣಿಯ ನಡುವೆ ನಡೆದೆ. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಕೇಳಿದರು:

"ನಾಯಿ ತಮ್ದೇನ್ರೀ ಮೇಷ್ಟ್ರೇ? ಜಾತಿ ನಾಯೇನು?"

"ಅಲ್ರೀ ಯಜಮಾನ್ರೇ, ಬೀದೀದು. ಕಂತ್ರಿ."

"ಹಂಗಾ. ತಾವು ಯಾರ ಪೈಕಿ?"

"ಬೌದ್ಧರು ನಾವು."

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ನಮ್ಮಪ್ಪನ ಹೆಸರನ್ನು ಮೊಟಕು ಮಾಡಿ, "ಅವನ ಮಗ ಅಲ್ಲೇನು ನೀನು?" ಅಂದರು. ಒಂದು ಉಸಿರಿನಲ್ಲಿ 'ತಾವು' ಹೋಗಿ 'ನೀನು' ಆಗಿತ್ತು. ಟಾಬಿ ಕಟ್ಟೆಯ ಬುಡದಲ್ಲಿ ಚಪ್ಪಲಿ ಬಿಟ್ಟು ಬಾಲ ಆಡಿಸುತ್ತಿತ್ತು. ಅವರು ಟಾಬಿಯ ತಲೆ ಸವರಿದರು. ಚಪ್ಪಲಿಯನ್ನು ಕೋಲಿನಿಂದ ನನ್ನ ಕಡೆ ತಳ್ಳಿದರು.

"ಹೌದ್ರೀ, ಅವರ ಮಗನೇ" ಅಂದೆ. ಅಲ್ಲಿಯೇ ಚಪ್ಪಲಿ ಮೆಟ್ಟಿಕೊಂಡೆ. ಹಗ್ಗ ಹಿಡಿದು, ಬಂದ ದಾರಿಯಲ್ಲೇ ಓಣಿಯ ನಡುವಿನಿಂದ ಹೊರಬಂದೆ.

ಬಂಧುಗಳೇ, ಸಂಯುತ್ತ ನಿಕಾಯದಲ್ಲಿ ಒಂದು ಹೋಲಿಕೆ ಇದೆ. ಗಟ್ಟಿ ಗೂಟಕ್ಕೆ ಹಗ್ಗದಿಂದ ಕಟ್ಟಿದ ನಾಯಿ ಎಷ್ಟು ಓಡಿದರೂ ಆ ಗೂಟದ ಸುತ್ತಲೇ ಓಡುತ್ತದೆ. ಧಮ್ಮ ಕೇಳದ ಮನುಷ್ಯನೂ ಹಾಗೆಯೇ, ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂಬ ಐದನ್ನು 'ನಾನು' ಎಂದುಕೊಂಡು ಅವುಗಳ ಸುತ್ತಲೇ ಸುತ್ತುತ್ತಾನೆ ಎನ್ನುತ್ತಾರೆ ಭಗವಾನರು. ಇದನ್ನು ಎಷ್ಟೋ ಸಲ ಓದಿದ್ದೆ. ಆ ದಿನ ಕಂಡೆ. ಇಷ್ಟು ದಿನ ಹಗ್ಗದ ಒಂದು ತುದಿಗೆ ನಾಯಿ, ಇನ್ನೊಂದು ತುದಿಗೆ ಯಜಮಾನ ಎಂದುಕೊಂಡಿದ್ದೆ. ಟಾಬಿಗೆ ಓಣಿಯ ಗೆರೆ ಗೊತ್ತಿಲ್ಲ. ಗೂಟಕ್ಕೆ ಕಟ್ಟಿಸಿಕೊಂಡಿದ್ದವನು ನಾನು. ಅದು ಜಾತಿ ನೆಟ್ಟ ಗೂಟ. ನೌಕರಿ, ಮನೆ, ಓದು, ಎಲ್ಲ ಕಡೆ ಓಡಾಡಿ ಬಂದರೂ ಹಗ್ಗದ ಉದ್ದ ಅಷ್ಟೇ ಇತ್ತು.

ಹಾಗಂತ ತಪ್ಪೆಲ್ಲ ನಮ್ಮ ಮನಸ್ಸಿನದೇ ಎಂದು ಯಾರೂ ತಿಳಿಯಬೇಡಿ. ಗೂಟ ನೆಟ್ಟವರು ಬೇರೆಯವರು. ಅದನ್ನು ಕೀಳಲು ಸಂವಿಧಾನದ 17ನೇ ವಿಧಿ ಇದೆ, ಕಾನೂನು ಇದೆ, ಸಂಘಟನೆ ಇದೆ. ಅವು ಬೇಕೇ ಬೇಕು. ಆದರೆ ಮಹಾಡ್ ನೆನಪು ಮಾಡಿಕೊಳ್ಳಿ. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಸೇರಿದ್ದು ಎಂದು ಮುಂಬಯಿ ಶಾಸನ ಪರಿಷತ್ತು ನಿರ್ಣಯ ಮಾಡಿದ್ದು 1923ರಲ್ಲಿ. ಮಹಾಡ್ ಪುರಸಭೆ ಅದನ್ನು ಒಪ್ಪಿದ್ದು 1924ರಲ್ಲಿ. ಕಾಗದದ ಮೇಲೆ ಚವದಾರ್ ಕೆರೆ ತೆರೆದಿತ್ತು. ದನ ಕುಡಿಯುತ್ತಿತ್ತು, ನಾಯಿ ಕುಡಿಯುತ್ತಿತ್ತು, ನಮ್ಮ ಜನ ಮಾತ್ರ ಹೋಗುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಮುಂದೆ ನಡೆದು ಹೋಗಿ ಬೊಗಸೆಯಲ್ಲಿ ನೀರು ಎತ್ತಿದರು. ಆಮೇಲೆ ಏಟು ಬಿದ್ದವು, ಕೋರ್ಟು ಕಚೇರಿ ಆಯಿತು, ಮುಂಬಯಿ ಹೈಕೋರ್ಟಿನ ತೀರ್ಪು ಬಂದದ್ದು 1937ರಲ್ಲಿ. ಆದರೆ ಅಂದು ನಡೆದು ಹೋದವರ ಕಾಲಿನ ಹಗ್ಗ ಅಂದೇ ಹರಿದಿತ್ತು. ಕಾನೂನು ದಾರಿ ತೆರೆಯುತ್ತದೆ, ಆ ದಾರಿಯಲ್ಲಿ ಕಾಲು ಇಡುವವರು ನಾವೇ ಆಗಬೇಕು.

ಇನ್ನೊಂದು ಮಾತು. ಹಾಗಾದರೆ ಹಗ್ಗವೇ ಬೇಡವೇ?

ಭಾನುವಾರ ಹಗರಿಬೊಮ್ಮನಹಳ್ಳಿಯ ತಂಗಿ ಮನೆಗೆ ಹೋಗಿದ್ದೆವು. ಟಾಬಿಯನ್ನೂ ಕರೆದುಕೊಂಡು ಅಂಕಸಮುದ್ರದ ಕೆರೆ ಏರಿಯ ಕಡೆ ಹೋದೆ. 98.76 ಹೆಕ್ಟೇರಿನ ಆ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ. 30 ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳಿಗೆ ಆಸರೆ. ನೀರಿನಲ್ಲಿ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹಕ್ಕಿ ಕಂಡದ್ದೇ ತಡ, ಟಾಬಿ ಜಗ್ಗತೊಡಗಿತು. ಅಂಗೈ ಕೆಂಪಾಗುವಷ್ಟು ಜಗ್ಗಿತು. ನಾನು ಬಿಡಲಿಲ್ಲ. ಏರಿ ಹತ್ತದೆ ದೂರದಿಂದಲೇ ನೋಡಿ, ಹಿಂದಕ್ಕೆ ಎಳೆದುಕೊಂಡು ಬಂದೆ. ಎಲ್ಲ ಜೀವಿಗಳಲ್ಲಿ ದಯೆ ಇರಿಸಿ ಅವನ್ನು ಕಾಪಾಡುತ್ತೇನೆ ಎಂಬುದು ನಮ್ಮ 13ನೆಯ ಪ್ರತಿಜ್ಞೆ. ನಾಯಿಯ ಮೇಲಿನ ಪ್ರೀತಿಗೆ ಹಕ್ಕಿಯ ಮರಿ ಬಲಿಯಾದರೆ ಅದು ಮೈತ್ರಿಯಲ್ಲ.

ಅದೇ ಸಂಯುತ್ತ ನಿಕಾಯದಲ್ಲಿ ಗೂಟದ ಇನ್ನೊಂದು ಹೋಲಿಕೆ ಇದೆ. ಹಾವು, ಮೊಸಳೆ, ಹಕ್ಕಿ, ನಾಯಿ, ನರಿ, ಕೋತಿ, ಈ ಆರನ್ನೂ ಹಗ್ಗದಿಂದ ಒಟ್ಟಿಗೆ ಕಟ್ಟಿದರೆ ಹಾವು ಹುತ್ತಕ್ಕೆ, ಮೊಸಳೆ ನೀರಿಗೆ, ಹಕ್ಕಿ ಆಕಾಶಕ್ಕೆ, ನಾಯಿ ಊರಿಗೆ, ನರಿ ಸುಡುಗಾಡಿಗೆ, ಕೋತಿ ಕಾಡಿಗೆ ಎಳೆಯುತ್ತದೆ. ನಮ್ಮ ಆರು ಇಂದ್ರಿಯಗಳೂ ಹಾಗೆಯೇ. ಆದರೆ ಅವನ್ನು ಒಂದು ಗಟ್ಟಿ ಗೂಟಕ್ಕೆ ಕಟ್ಟಿದರೆ ಎಳೆದೆಳೆದು ದಣಿದು ಗೂಟದ ಪಕ್ಕದಲ್ಲೇ ಮಲಗುತ್ತವೆ. ಆ ಗೂಟ ಯಾವುದು? ಸತಿ. ಮೈಮೇಲಿನ ಎಚ್ಚರ.

ನೋಡಿ, ಗೂಟ ಎರಡು. ಒಂದಕ್ಕೆ ನಮ್ಮನ್ನು ಬೇರೆಯವರು ಕಟ್ಟಿದರು, ನಮ್ಮ ಅಪ್ಪ ಅಮ್ಮನನ್ನೂ ಕಟ್ಟಿದ್ದರು. ಇನ್ನೊಂದನ್ನು ನಾವೇ ತಿಳಿದು ನೆಟ್ಟುಕೊಳ್ಳಬೇಕು. ಓಣಿಯ ಬಾಯಲ್ಲಿ ಕೈ ಚಪ್ಪಲಿಗೆ ಹೋದದ್ದು ಮೊದಲನೆಯದರ ಎಳೆತ. 'ಕೈ ಹೋಗುತ್ತಿದೆ' ಎಂದು ಕಂಡದ್ದು ಎರಡನೆಯದರ ಬಲ. ಆ ಎಚ್ಚರ ಇರದಿದ್ದರೆ ನಾನು ಆ ದಿನ ಎರಡೂ ಕಾಲು ಬರಿದು ಮಾಡಿಕೊಂಡು ಹೋಗಿ, ಬಂದು, ಅದನ್ನು ಮರೆತೂ ಬಿಡುತ್ತಿದ್ದೆ.

ಇಂದಿನ ಅಭ್ಯಾಸ:
ನಾಯಿ ಇರಲಿ ಇಲ್ಲದಿರಲಿ, ಇಂದು ಅರ್ಧ ತಾಸು ನಡೆಯಿರಿ. ಮೊಬೈಲ್ ಮನೆಯಲ್ಲೇ ಇರಲಿ. ನಡೆಯುವಾಗ ನಿಮ್ಮ ಹೆಜ್ಜೆ ಎಲ್ಲಿ ತಡೆಯುತ್ತದೆ, ದನಿ ಎಲ್ಲಿ ಸಣ್ಣದಾಗುತ್ತದೆ, ಬೆನ್ನು ಯಾರ ಮುಂದೆ ಬಾಗುತ್ತದೆ, ಸುಮ್ಮನೆ ಗಮನಿಸಿ. ಗಮನಿಸಿದ ಮೇಲೆ ಒಂದು ಹೆಜ್ಜೆ ಮುಂದೆ ಇಡಿ. ಸಂಜೆ ಮಕ್ಕಳಿಗೆ ಅದನ್ನು ಹೇಳಿ.

ಆ ಸಂಜೆ ನಾನೂ ಮಗಳಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ತಾತ ಯಾಕೆ ಚಪ್ಪಲಿ ಕೈಯಲ್ಲಿ ಹಿಡೀತಿದ್ರು?" ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಉತ್ತರ ಹೇಳಲು ಬಹಳ ಹೊತ್ತು ಹಿಡಿಯಿತು. ಟಾಬಿ ಅಷ್ಟರಲ್ಲಿ ಇನ್ನೊಂದು ಚಪ್ಪಲಿಯ ಪಟ್ಟಿ ಕಡಿದು ಮುಗಿಸಿತ್ತು.

ಸರ್ವ ಜೀವಿಗಳಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು.
ನಮೋ ಬುದ್ಧಾಯ. ಜೈ ಭೀಮ್.