ಕಣ್ಣೀರು ಮತ್ತು ಒಂದು ಲೋಟ ಬಿಸಿನೀರು

ನಿಮಗೆ ಅತ್ಯಂತ ಪ್ರಿಯರಾದವರು ಯಾರು ಎಂದು ಕೇಳಿದರೆ ನೀವು ತಡವರಿಸದೆ ಉತ್ತರಿಸುವಿರಿ: ತಾಯಿ, ತಂದೆ, ಬಾಳಸಂಗಾತಿ, ಮಕ್ಕಳು. ಅವರಿಗಾಗಿ ಪ್ರಾಣ ಕೊಡಲೂ ಸಿದ್ಧ ಎನ್ನುವಿರಿ. ಆದರೆ ಪ್ರಾಣ ಕೊಡಬೇಕಾದ ಸಂದರ್ಭ ಹೆಚ್ಚಿನವರ ಬದುಕಿನಲ್ಲಿ ಬರುವುದೇ ಇಲ್ಲ. ಎದ್ದು ಒಂದು ಲೋಟ ನೀರು ಕೊಡಬೇಕಾದ ಸಂದರ್ಭವಾದರೋ ದಿನಕ್ಕೆ ಹತ್ತು ಬಾರಿ ಬರುತ್ತದೆ. ಹಾಗಾದರೆ ನಮ್ಮ ಪ್ರೀತಿಯ ಪರೀಕ್ಷೆ ನಡೆಯುವುದೆಲ್ಲಿ?

ನನ್ನದೇ ಒಂದು ಅನುಭವವಿದೆ. ಹೇಳಲು ನಾಚಿಕೆಯಾಗುತ್ತದೆ. ಕೆಲವು ವರ್ಷಗಳ ಹಿಂದೆ, ರಮಝಾನಿನ 27ನೆಯ ರಾತ್ರಿ. ಮಸೀದಿಯಲ್ಲಿ ತಾಯ್ತಂದೆಯರಿಗಾಗಿ ದುಆ ಮಾಡುವಾಗ ನಾನು ಬಿಕ್ಕಿ ಬಿಕ್ಕಿ ಅತ್ತೆ. ಮನಸ್ಸು ಹಗುರವಾಗಿ ಮನೆಗೆ ಬಂದೆ. ಮಂಡಿನೋವಿನಿಂದ ಮಲಗಿದ್ದ ಉಮ್ಮ, “ಮಗಾ, ಸ್ವಲ್ಪ ನೀರು ಬಿಸಿ ಮಾಡಿ ಕೊಡುತ್ತೀಯಾ?” ಎಂದು ಕೇಳಿದರು. “ಈ ಹೊತ್ತಿನಲ್ಲಾ ಉಮ್ಮಾ?” ಎಂದು ಸಿಡುಕಿದೆ. “ಇರಲಿ, ನೀನು ದಣಿದಿದ್ದೀಯಾ, ಮಲಗು” ಎಂದರು ಅವರು. ತಮ್ಮ ಸದ್ದಿಲ್ಲದೆ ಎದ್ದು ಒಲೆ ಹೊತ್ತಿಸಿದ. ದಿನವೂ ಆ ನೀರು ಕಾಯಿಸುತ್ತಿದ್ದವನು ಅವನೇ ಎಂಬುದು ನನಗೆ ಗೊತ್ತಾದದ್ದು ಅಂದು.

ತಾಯ್ತಂದೆಯರಿಗೆ ‘ಛೆ’ ಎಂದೂ ಹೇಳಬಾರದೆಂದು ಪವಿತ್ರ ಕುರ್‌ಆನ್ ಆಜ್ಞಾಪಿಸಿದೆ. ಮದ್ರಸದಲ್ಲಿ ಮಕ್ಕಳಿಗೆ ಅದನ್ನು ಕಲಿಸುತ್ತಿದ್ದವನೂ ನಾನೇ!

ಉಮ್ಮ ಈಗಿಲ್ಲ. ಅವರು ತೀರಿಕೊಂಡ ದಿನ ಎಲ್ಲರಿಗಿಂತ ಹೆಚ್ಚು ಅತ್ತವನು ನಾನು. ತಮ್ಮ ಆಗಲೂ ಬಂದವರಿಗೆ ಕುರ್ಚಿ ಹಾಕುತ್ತಿದ್ದ. ನಮ್ಮಿಬ್ಬರಲ್ಲಿ ಅವರನ್ನು ಹೆಚ್ಚು ಪ್ರೀತಿಸಿದವರು ಯಾರು? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಹಾಗಾದರೆ ಭಾವನೆಗೆ ಬೆಲೆಯೇ ಇಲ್ಲವೇ? ಖಂಡಿತ ಇದೆ. ಪುತ್ರ ಇಬ್ರಾಹೀಮ್ ಅಗಲಿದಾಗ ಪ್ರವಾದಿವರ್ಯರ(ಸ) ಕಣ್ಣುಗಳು ತುಂಬಿ ಬಂದುವು. ಆ ಕಣ್ಣೀರನ್ನು ಅವರು ಕರುಣೆಯೆಂದೇ ಕರೆದರು. ಆದರೆ ಅವರ ದಿನಚರಿಯನ್ನೂ ನೋಡಿರಿ. ಮನೆಯಲ್ಲಿ ಅವರು ಮನೆಯವರ ಕೆಲಸಗಳಿಗೆ ನೆರವಾಗುತ್ತಿದ್ದರು, ನಮಾಝಿನ ವೇಳೆಯಾದಾಗ ಹೊರಡುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಮದೀನಾದಲ್ಲಿ 10 ವರ್ಷ ಅವರ ಸೇವೆ ಮಾಡಿದ ಹ. ಅನಸ್(ರ), ಅಷ್ಟು ಕಾಲದಲ್ಲಿ ಒಮ್ಮೆಯೂ ಅವರ ಬಾಯಿಂದ ‘ಛೆ’ ಎಂಬ ಮಾತು ಕೇಳಲಿಲ್ಲ ಎಂದಿದ್ದಾರೆ. ಉಹುದ್‌ನ ಗಾಯ, ಪುತ್ರವಿಯೋಗ ಎಲ್ಲವೂ ಆ 10 ವರ್ಷಗಳಲ್ಲೇ ಇದ್ದುವು. ಆದರೂ ಮನೆಯ ಹುಡುಗನೊಬ್ಬನ ಮೇಲೆ ಅದರ ಬಿಸಿ ತಾಗಲಿಲ್ಲ.

ಆಟಿಯ ಮಳೆಗೆ ತೋಡು ಉಕ್ಕಿ ಹರಿಯುವುದನ್ನು ನೀವು ಕಂಡಿರುವಿರಿ. ಅದರ ಅಬ್ಬರವೇ ಅಬ್ಬರ. ಆದರೆ ಕಡು ಬೇಸಗೆಯಲ್ಲಿ ಮನೆಯವರ ಬಾಯಾರಿಕೆ ತಣಿಸುವುದು ಸದ್ದಿಲ್ಲದ ಬಾವಿ. ಭಾವಾವೇಶ ತೋಡಿನಂತೆ, ನಿತ್ಯದ ದಯೆ ಬಾವಿಯಂತೆ. ಅಲ್ಪವಾದರೂ ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿವರ್ಯರು(ಸ) ಕಲಿಸಿದ್ದು ಸುಮ್ಮನೆ ಅಲ್ಲ.

“ಮನಸ್ಸಿನಲ್ಲಿ ಪ್ರೀತಿ ಉಕ್ಕದೆ ಮಾಡುವ ಉಪಕಾರ ಕಪಟವಲ್ಲವೇ?” ಎಂದು ನೀವು ಕೇಳಬಹುದು. ಅಲ್ಲ. ಜನರು ನೋಡಲೆಂದು ಮಾಡುವುದು ಕಪಟ. ಮನಸ್ಸು ಒಲ್ಲೆನೆಂದರೂ ಅಲ್ಲಾಹನ ಸಂಪ್ರೀತಿಗಾಗಿ ಎದ್ದು ಮಾಡುವುದು ಪ್ರಾಮಾಣಿಕತೆ. ತನ್ನ ಹೃದಯ ಕಲ್ಲಾಗಿದೆಯೆಂದು ದೂರಿಕೊಂಡ ಒಬ್ಬರಿಗೆ, ಅನಾಥ ಮಗುವಿನ ತಲೆ ನೇವರಿಸಲು ಹಾಗೂ ಬಡವನಿಗೆ ಉಣಿಸಲು ಪ್ರವಾದಿವರ್ಯರು(ಸ) ಸೂಚಿಸಿದರೆಂದು ವರದಿಯಿದೆ. ಹೃದಯ ಮೆದುವಾಗುವ ತನಕ ಕಾಯಬೇಕೆಂದು ಹೇಳಲಿಲ್ಲ. ಕೈ ಮುಂದೆ ಹೋಗಲಿ, ಹೃದಯ ಅದರ ಹಿಂದೆ ಬರುತ್ತದೆ.

ಓದುಗರೇ, ನನಗೆ ನೀರು ಕಾಯಿಸಿ ಕೊಡಲು ಇನ್ನು ಉಮ್ಮ ಇಲ್ಲ. ನಿಮ್ಮ ಮನೆಯಲ್ಲಿ ಇರಬಹುದು. ಈ ಪತ್ರಿಕೆಯನ್ನು ಮಡಚಿಟ್ಟ ಮೇಲೆ ಒಳಗಿನ ಕೋಣೆಯಿಂದ ಯಾರಾದರೂ ಕರೆದರೆ, ಅವರು ಎರಡನೆಯ ಬಾರಿ ಕರೆಯುವ ಮುನ್ನ ಏಳಿರಿ.