ಬೆಟ್ಟ ಹತ್ತಿದವರ ಗಾದೆ

'ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ.' ಈ ಗಾದೆಯನ್ನು ನಾವು ಬಳಸುವುದು ಹೆಚ್ಚಾಗಿ ಹೊರಟವರನ್ನು ತಡೆಯುವುದಕ್ಕೆ. ಮಗ ಪರಸ್ಥಳದ ಕೆಲಸ ಹಿಡಿಯುತ್ತೇನೆಂದರೆ, ಮಗಳು ಕಂಡರಿಯದ ಊರಿನ ಸಂಬಂಧ ಒಪ್ಪಿದರೆ, ಹಿರಿಯರ ಬಾಯಿಗೆ ಮೊದಲು ಬರುವ ಮಾತು ಇದು. ಹತ್ತಿರ ಹೋದಾಗ ಕಲ್ಲುಮುಳ್ಳು ಕಾಣುತ್ತದೆ ಎಂಬಲ್ಲಿಗೆ ಅರ್ಥ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಗಾದೆ ನಿಂತಿರುವುದು ಬಯಲಿನಲ್ಲಿ. ಹತ್ತಿದ ಮೇಲೆ ಹಿಂದಿರುಗುವ ದಾರಿಯಿಲ್ಲದವರು ಆ ಕಲ್ಲುಮುಳ್ಳಿನ ನಡುವೆ ಹೇಗೆ ಬಾಳಬೇಕು? ಅದಕ್ಕೆ ಉತ್ತರ ಬೇಕಾದಾಗ ನನಗೆ ನೆನಪಾಗುವವರು ನೀಲಗಿರಿಯ ಬಡಗರು.

ತಿಳಿ ದಿನಗಳಲ್ಲಿ ಬಂಡೀಪುರದ ಕಡೆಯಿಂದ ನೋಡಿದರೆ ನೀಲಗಿರಿ ನಿಜಕ್ಕೂ ನುಣುಪು. ಬಡಗರ ಪೂರ್ವಿಕರು ಮೈಸೂರು ಸೀಮೆಯ ಬಯಲಿನಿಂದ, ವಿಜಯನಗರ ಬಿದ್ದ ನಂತರದ ಗೊಂದಲದ ದಿನಗಳಲ್ಲಿ ಆ ಬೆಟ್ಟ ಹತ್ತಿದರೆಂದು ವಿದ್ವಾಂಸರು ಹೇಳುತ್ತಾರೆ. 1603ರಲ್ಲಿ ಮಲಬಾರಿನಿಂದ ಮೇಲೆ ಬಂದ ಫೆನಿಸಿಯೊ ಎಂಬ ಪಾದ್ರಿ ಕಂಡಾಗ ಅಲ್ಲಿ ಅವರ ಹಳ್ಳಿಗಳಾಗಲೇ ಇದ್ದವು. ಅವರ ಮಾತು ಇವತ್ತಿಗೂ ಕನ್ನಡಕ್ಕೆ ತೀರಾ ಹತ್ತಿರ.

ನೀಲಗಿರಿಯ ದೊಡ್ಡಬೆಟ್ಟ ಶಿಖರದ ಎತ್ತರ 2637 ಮೀಟರ್. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಭಾರವಾಗಿ ಇಳಿದು ಕಣಿವೆಯ ತಳದಲ್ಲಿ ನಿಂತುಬಿಡುತ್ತದೆ. ಬೆಳಗ್ಗೆ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಬಿಸಿಲೇರಿದ ಮೇಲೆ ಎಳೆಯ ಎಲೆಗಳು ಸುಟ್ಟ ಹಾಗೆ ಕಪ್ಪಾಗಿ ಜೋತುಬೀಳುತ್ತವೆ. ಬಯಲಿನ ಬೇಸಾಯ ಬಲ್ಲ ಕೈಗೆ ಇದು ಹೊಸ ಪಾಠ. ಇಳಿಜಾರಿನಲ್ಲಿ ಸಾಲುಮನೆಗಳ ಹಟ್ಟಿ ಕಟ್ಟಿಕೊಂಡು ಅವರು ರಾಗಿ, ಸಾಮೆ ಬೆಳೆದರು. ಮುಂದೆ ಆಲೂಗಡ್ಡೆ, ಆಮೇಲೆ ಚಹಾ.

ಆದರೆ ಚಳಿಗಿಂತ ದೊಡ್ಡ ಸಂಗತಿ ಇನ್ನೊಂದಿತ್ತು. ಆ ಬೆಟ್ಟ ಖಾಲಿ ಇರಲಿಲ್ಲ. ಹುಲ್ಲುಗಾವಲಿನಲ್ಲಿ ತೋಡರ ಎಮ್ಮೆಗಳು ಮೇಯುತ್ತಿದ್ದವು. ಕಬ್ಬಿಣದ ಕೆಲಸ, ಮಡಕೆ ಕೋತರ ಕೈಯಲ್ಲಿತ್ತು. ಕಾಡಿನ ಒಳಗುಟ್ಟು ಬಲ್ಲವರು ಕುರುಂಬರು. ಬಡಗರು ಇವರೆಲ್ಲರ ಜತೆ ತಲೆಮಾರುಗಳ ಕೊಡುಕೊಳೆ ಬೆಳೆಸಿಕೊಂಡರು. ಬಡಗ ಮನೆಗೆ ಗುದ್ದಲಿ, ಕುಡುಗೋಲು ಬರುತ್ತಿದ್ದದ್ದು ಕೋತರ ಕುಲುಮೆಯಿಂದ; ಸಾವಿನ ಮನೆಯಲ್ಲಿ ವಾದ್ಯ ನುಡಿಸುತ್ತಿದ್ದವರೂ ಕೋತರೇ. ಸುಗ್ಗಿಯಾದ ಮೇಲೆ ಧಾನ್ಯದ ಪಾಲು ಅವರಿಗೆ ಸಲ್ಲುತ್ತಿತ್ತು. ತೋಡರಿಗೂ ಕಾಳು ಹೋಗುತ್ತಿತ್ತು. ಈ ಸಂಬಂಧದಲ್ಲಿ ಎಲ್ಲವೂ ಸಿಹಿಯಾಗಿತ್ತೆಂದು ನಾನು ಹೇಳುವುದಿಲ್ಲ. ಕುರುಂಬರ ಮಾಟದ ಭಯ ಬಡಗರಲ್ಲಿ ಆಳವಾಗಿತ್ತು; ಆ ಭಯ ಹಿಂಸೆಗೂ ತಿರುಗಿದ್ದುಂಟು. ಇಪ್ಪತ್ತನೆಯ ಶತಮಾನದಲ್ಲಿ ಹಳೆಯ ಕೊಡುಕೊಳೆಯೂ ಸಡಿಲವಾಯಿತು. ಆದರೂ ಹೊಸಬರು ಅಲ್ಲಿ ಊರಿ ನಿಂತದ್ದು ಮೊದಲೇ ಇದ್ದವರಿಗೆ ಪಾಲು ಕೊಟ್ಟು, ಅವರ ಕೈಯ ವಿದ್ಯೆಯನ್ನು ನೆಚ್ಚಿ. ನನ್ನ ಮಟ್ಟಿಗೆ ಗಾದೆ ಹೇಳದೆ ಬಿಟ್ಟ ಅರ್ಧ ಇದೇ: ಬೆಟ್ಟದ ಒರಟನ್ನು ಸವೆಸುವುದು ನೆರೆಹೊರೆ.

ಈಗ ಕೊಡಗು, ಮಲೆನಾಡುಗಳಲ್ಲಿ ಜಾಗ ಕೊಂಡು ನೆಲೆಸಲು ಹೊರಟವರು ಬಹಳ. ಅವರ ಆಸೆ ತಪ್ಪಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದು ಮನೆ, ತೋಟಗಳನ್ನು ಎಳೆದುಕೊಂಡು ಹೋದದ್ದನ್ನು ಮಾತ್ರ ಅವರು ಮರೆಯಬಾರದು. ಹೋಗುವವರು ಹೋಗಿ. ಜೆಸಿಬಿ ತರಿಸುವ ಮೊದಲು ಪಕ್ಕದ ಮನೆಯ ಅಜ್ಜನ ಹತ್ತಿರ ಕೂತು, ಮಳೆಗಾಲದಲ್ಲಿ ಈ ಗುಡ್ಡದ ನೀರು ಯಾವ ಕಡೆ ಇಳಿಯುತ್ತದೆ ಎಂದು ಕೇಳಿ.